ಮನೆ ಮತ್ತು ಕೈತೋಟದ ಕೀಟಗಳು: ಹಾವಳಿ ಮತ್ತು ಹತೋಟಿ

ಮನುಷ್ಯನು ಮನೆ ಕಟ್ಟಿಕೊಂಡು ಒಂದೆಡೆ ನೆಲೆಸಿದಂದಿನಿಂದಲೂ ಕೆಲವು ಕೀಟಗಳು ಅವನ ಜೊತೆಯಲ್ಲಿಯೇ ಬಾಳುತ್ತ ಬಂದಿವೆ. ಸೊಳ್ಳೆ, ನೊಣ, ಜಿರಳೆ, ಇರುವೆ, ತಿಗಣೆ, ಗೆದ್ದಲು ಇವುಗಳ ಕಾಟವನ್ನು ಅರಿಯದ ಮನೆಯಿಲ್ಲ. ಇವುಗಳಲ್ಲಿ ಕೆಲವು ರೋಗಗಳನ್ನು ಹರಡುತ್ತವೆ. ಕೆಲವು ಆಹಾರಪದಾರ್ಥಗಳನ್ನೂ ಮರಮುಟ್ಟುಗಳನ್ನೂ ಹಾಳುಮಾಡುತ್ತವೆ. ಮತ್ತೆ ಕೆಲವು ಕಿರುಕುಳ ಮಾತ್ರ ಕೊಡುತ್ತವೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಂತಹ ಮಹಾನಗರಗಳಲ್ಲಿ ಈ ಹಾವಳಿ ಹೆಚ್ಚು. ಗೋಡೆಗೆ ಗೋಡೆ ತಾಗಿದ ಮನೆಗಳು, ಗೊತ್ತಾದ ವೇಳೆಗೆ ಮಾತ್ರ ಬರುವ ನಲ್ಲಿಯ ನೀರು, ಅದನ್ನು ತುಂಬಿಡುವ ಡ್ರಮ್ಮು ಮತ್ತು ತೊಟ್ಟಿಗಳು, ಹಲವು ಮನೆಗಳಿಗೆ ಸೇರಿದ ಒಂದೇ ಮೋರಿ ಇವೆಲ್ಲವೂ ಕೀಟಗಳಿಗೆ ಅನುಕೂಲವಾಗಿ ಪರಿಣಮಿಸುತ್ತವೆ.

ಕೀಟ ಕಂಡೊಡನೆ ಅಂಗಡಿಯಿಂದ ವಿಷವನ್ನು ತಂದು ಸಿಂಪಡಿಸುವುದು ಸಾಮಾನ್ಯ ರೂಢಿ. ಎರಡು ದಿನ ಕೀಟಗಳು ಕಾಣದಂತಾಗಿ, ಮೂರನೆಯ ವಾರದಲ್ಲಿ ಮೊದಲಿನಷ್ಟೇ ಕಾಣಿಸಿಕೊಳ್ಳುವುದು ಕೂಡ ಎಲ್ಲರ ಅನುಭವ. ಹೀಗೇಕಾಗುತ್ತದೆ ಎಂಬುದನ್ನು ತಿಳಿದರೆ, ಕಡಮೆ ಖರ್ಚಿನಲ್ಲಿ, ಮನೆಮಂದಿಗೆ ಅಪಾಯವಾಗದಂತೆ, ಕೀಟಗಳನ್ನು ಬಹುಮಟ್ಟಿಗೆ ಹತೋಟಿಯಲ್ಲಿಡಲು ಸಾಧ್ಯ.

ಮೂರು ಆಸರೆಗಳು

ಯಾವುದೇ ಕೀಟವು ಮನೆಯಲ್ಲಿ ನೆಲೆಯೂರಲು ಮೂರು ಆಸರೆಗಳು ಬೇಕು: ನೀರು, ಆಹಾರ ಮತ್ತು ಅಡಗುತಾಣ. ಸೊಳ್ಳೆಗೆ ನಿಂತ ನೀರು ಬೇಕು. ನೊಣಕ್ಕೆ ಕೊಳೆಯುವ ಕಸ ಬೇಕು. ಜಿರಳೆಗೆ ರಾತ್ರಿ ತಿನ್ನಲು ಎಂಜಲು, ಹಗಲು ಅಡಗಲು ಬಿರುಕು ಬೇಕು. ಗೆದ್ದಲಿಗೆ ತೇವ ಬೇಕು. ಈ ಆಸರೆಗಳನ್ನು ಒದಗಿಸುವವನು ಮನೆಯ ಯಜಮಾನನೇ ಹೊರತು ಬೇರೆ ಯಾರೂ ಅಲ್ಲ. ಆಸರೆ ಉಳಿದಿರುವವರೆಗೆ, ಸತ್ತ ಕೀಟಗಳ ಜಾಗಕ್ಕೆ ಹೊಸವು ಬಂದೇ ಬರುತ್ತವೆ.

ಕೀಟದ ಬಾಳಿನ ಹಂತಗಳನ್ನೂ ಇಲ್ಲಿ ಗಮನಿಸಬೇಕು. ಸೊಳ್ಳೆ, ನೊಣ ಮೊದಲಾದವುಗಳು ಮೊಟ್ಟೆ, ಮರಿಹುಳು, ಕೋಶ, ಪ್ರೌಢಕೀಟ ಎಂಬ ನಾಲ್ಕು ಹಂತಗಳನ್ನು ದಾಟುತ್ತವೆ. ಗಾಳಿಯಲ್ಲಿ ಸಿಂಪಡಿಸಿದ ವಿಷವು ಹಾರಾಡುವ ಪ್ರೌಢಕೀಟವನ್ನು ಮಾತ್ರ ಕೊಲ್ಲುತ್ತದೆ. ಉಳಿದ ಮೂರು ಹಂತಗಳಿಗೆ ಅದು ತಟ್ಟುವುದಿಲ್ಲ. ಆದುದರಿಂದ ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಹೋಗಲು ಕೀಟಕ್ಕೆ ಬೇಕಾದ ದಿನಗಳೆಷ್ಟು ಎಂಬ ಲೆಕ್ಕವನ್ನರಿತು, ಆ ದಿನಗಳು ತುಂಬುವ ಮೊದಲೇ ಸರಪಳಿಯನ್ನು ಕಡಿಯುವುದೇ ಹತೋಟಿಯ ಮುಖ್ಯ ಸೂತ್ರ.

ವಿಷವೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ ಮಲೇರಿಯ ನಿವಾರಣೆಯ ಇತಿಹಾಸವೇ ನಿದರ್ಶನ. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮವು ಆರಂಭವಾದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಮಂದಿ ಈ ಜ್ವರಕ್ಕೆ ತುತ್ತಾಗುತ್ತಿದ್ದರೆಂಬ ಅಂದಾಜಿತ್ತು. ಮನೆಗಳ ಗೋಡೆಗೆ ಡಿ.ಡಿ.ಟಿ. ಸಿಂಪಡಿಸಿದ ಫಲವಾಗಿ 1965ರ ವೇಳೆಗೆ ಈ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಆದರೆ ಸೊಳ್ಳೆಗಳು ಡಿ.ಡಿ.ಟಿ.ಯನ್ನು ತಾಳಿಕೊಳ್ಳುವ ಶಕ್ತಿಯನ್ನು ಪಡೆದವು; ಕಾರ್ಯಕ್ರಮದ ಬಿಗಿಯೂ ಸಡಿಲಿತು. 1976ರಲ್ಲಿ ರೋಗಿಗಳ ಸಂಖ್ಯೆ ಮತ್ತೆ 64 ಲಕ್ಷವನ್ನು ಮೀರಿತು. ನಗರಗಳಲ್ಲಿ ಮರಿಹುಳುಗಳನ್ನೇ ನಾಶಪಡಿಸುವ ಉದ್ದೇಶದಿಂದ 1971ರಲ್ಲಿಯೇ ನಗರ ಮಲೇರಿಯ ಯೋಜನೆಯನ್ನು ಕೈಗೊಳ್ಳಲಾಗಿತ್ತು. ದೇಶಕ್ಕೆ ಅನ್ವಯಿಸಿದ ಈ ಪಾಠವು ಒಂದೊಂದು ಮನೆಗೂ ಅನ್ವಯಿಸುತ್ತದೆ.

ಸೊಳ್ಳೆ: ಏಳು ದಿನಗಳ ಲೆಕ್ಕ

ಸೊಳ್ಳೆಗೂ ನೀರಿಗೂ ಇರುವ ನಂಟನ್ನು ಕಂಡುಕೊಂಡವರ ಸಾಲಿನಲ್ಲಿ ರೊನಾಲ್ಡ್ ರಾಸ್ ಅವರ ಹೆಸರು ಪ್ರಸಿದ್ಧವಾಗಿದೆ. 1883ರಲ್ಲಿ ಬೆಂಗಳೂರಿನಲ್ಲಿ ಸೈನ್ಯದ ವೈದ್ಯರಾಗಿದ್ದಾಗ, ತಮ್ಮ ಬಂಗಲೆಯಲ್ಲಿ ಸೊಳ್ಳೆಗಳು ವಿಪರೀತವಾಗಿರುವುದಕ್ಕೆ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯೇ ಕಾರಣವೆಂಬುದನ್ನು ಅವರು ಗಮನಿಸಿದರು. ತೊಟ್ಟಿಯನ್ನು ಬೋರಲು ಹಾಕಿದೊಡನೆ ಕಾಟ ಕಡಮೆಯಾಯಿತು. ಮುಂದೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ರೋಗಾಣುವನ್ನು ಅವರು ಕಂಡುಹಿಡಿದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆಗಸ್ಟ್ 20ನ್ನು ಇಂದಿಗೂ ವಿಶ್ವ ಸೊಳ್ಳೆ ದಿನವೆಂದು ಆಚರಿಸಲಾಗುತ್ತದೆ.

ನಗರಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಸೊಳ್ಳೆಗಳಿವೆ. ಅನಾಫಿಲಿಸ್ ಸ್ಟೀಫೆನ್ಸಿ ಎಂಬುದು ಮಾಳಿಗೆಯ ಮೇಲಿನ ಟ್ಯಾಂಕು, ಬಾವಿ ಮೊದಲಾದ ಶುದ್ಧ ನೀರಿನಲ್ಲಿ ಬೆಳೆದು ಮಲೇರಿಯವನ್ನು ಹರಡುತ್ತದೆ. ಮುಂಬಯಿಯ ಬಾವಿಗಳು ಮತ್ತು ನೀರಿನ ತೊಟ್ಟಿಗಳೇ ಅಲ್ಲಿನ ಮಲೇರಿಯಕ್ಕೆ ಮೂಲವೆಂಬುದನ್ನು ಬೆಂಟ್ಲಿ ಎಂಬ ಅಧಿಕಾರಿಯು 1911ರಷ್ಟು ಹಿಂದೆಯೇ ತನ್ನ ವರದಿಯಲ್ಲಿ ತೋರಿಸಿಕೊಟ್ಟಿದ್ದನು. ಕ್ಯೂಲೆಕ್ಸ್ ಎಂಬುದು ಮೋರಿಯ ಹೊಲಸು ನೀರಿನಲ್ಲಿ ಬೆಳೆಯುತ್ತದೆ. ಆನೆಕಾಲು ರೋಗವನ್ನು ಹರಡುವುದು ಇದೇ. ಮೂರನೆಯದಾದ ಈಡಿಸ್ ಸೊಳ್ಳೆಯ ಮೈಮೇಲೆ ಬಿಳಿಯ ಪಟ್ಟೆಗಳಿರುತ್ತವೆ. ಇದು ಹಗಲಿನಲ್ಲಿಯೇ ಕಚ್ಚುತ್ತದೆ. ಡೆಂಗೆ, ಚಿಕುನ್‌ಗುನ್ಯ ಮತ್ತು ಝಿಕಾ ರೋಗಗಳನ್ನು ಹರಡುವುದು ಇದೇ ಸೊಳ್ಳೆ. 1996ರಲ್ಲಿ ದೆಹಲಿಯಲ್ಲಿ ಡೆಂಗೆ ಪಿಡುಗು ತಲೆದೋರಿದಾಗ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ರೋಗಪೀಡಿತರಾಗಿ, ನಾನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. 2006ರಲ್ಲಿ ಕರ್ನಾಟಕದ ಹಳ್ಳಿ ಪಟ್ಟಣಗಳನ್ನು ಚಿಕುನ್‌ಗುನ್ಯವು ಬಹುವಾಗಿ ಕಾಡಿತು. 2024ರಲ್ಲಿ ಪುಣೆಯಲ್ಲಿ ಝಿಕಾ ಕಾಣಿಸಿಕೊಂಡಿತು.

ಈಡಿಸ್ ಸೊಳ್ಳೆಯು ದೂರ ಹಾರುವ ಕೀಟವಲ್ಲ. ಹುಟ್ಟಿದ ಸ್ಥಳದಿಂದ ಕೆಲವು ನೂರು ಮೀಟರುಗಳ ಒಳಗೇ ಅದರ ಓಡಾಟ. ಆದುದರಿಂದ ಮನೆಯಲ್ಲಿ ಈ ಸೊಳ್ಳೆ ಕಂಡರೆ, ಅದು ಹುಟ್ಟಿದ್ದು ಆ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಎಂದೇ ತಿಳಿಯಬೇಕು. ದೆಹಲಿಯ ಮನೆಗಳಲ್ಲಿ ಬೇಸಗೆಯ ಕೂಲರು, ಚೆನ್ನೈ ಹೈದರಾಬಾದುಗಳಲ್ಲಿ ನೀರು ತುಂಬಿಟ್ಟ ಡ್ರಮ್ಮು ಮತ್ತು ನೆಲದಡಿಯ ತೊಟ್ಟಿ, ಮುಂಬಯಿ ಪುಣೆಗಳಲ್ಲಿ ಮಾಳಿಗೆಯ ಟ್ಯಾಂಕು ಹಾಗೂ ಮಳೆಗಾಲದಲ್ಲಿ ಹೊದಿಸಿದ ಪ್ಲಾಸ್ಟಿಕ್ ಹಾಳೆಯ ಮಡಿಕೆ ಇವು ಸಾಮಾನ್ಯವಾದ ತಾಣಗಳು. ಹೂಕುಂಡದ ಕೆಳಗಿನ ತಟ್ಟೆ, ರೆಫ್ರಿಜರೇಟರಿನ ಹಿಂಬದಿಯ ತಟ್ಟೆ, ಹಕ್ಕಿಗೆ ನೀರಿಟ್ಟ ಬಟ್ಟಲು, ಎಸೆದ ತೆಂಗಿನ ಚಿಪ್ಪು, ಹಳೆಯ ಟೈರು ಇವುಗಳಲ್ಲಿ ನಿಂತ ಅಂಗೈಯಗಲದ ನೀರೂ ಅದಕ್ಕೆ ಸಾಕು.

ಬೆಚ್ಚನೆಯ ಹವೆಯಲ್ಲಿ ಈ ಸೊಳ್ಳೆಯ ಮೊಟ್ಟೆಯು ಪ್ರೌಢಕೀಟವಾಗಲು ಸುಮಾರು ಏಳರಿಂದ ಹತ್ತು ದಿನಗಳು ಬೇಕು. ವಾರಕ್ಕೊಮ್ಮೆ ಎಲ್ಲ ಪಾತ್ರೆಗಳನ್ನೂ ಬರಿದುಮಾಡಿದರೆ ಮರಿಗಳು ರೆಕ್ಕೆ ಪಡೆಯುವ ಮೊದಲೇ ಸಾಯುತ್ತವೆ. ವಾರಕ್ಕೊಂದು ‘ಒಣದಿನ’ವನ್ನು ಆಚರಿಸಬೇಕೆಂದು ಆರೋಗ್ಯ ಇಲಾಖೆಗಳು ಹೇಳುವುದರ ಮರ್ಮ ಇದೇ. ಆದರೆ ನೀರು ಚೆಲ್ಲಿದರಷ್ಟೇ ಸಾಲದು. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸುತ್ತದೆ. ಅವು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ಮುಟ್ಟಿದೊಡನೆ ಒಡೆಯುತ್ತವೆ. ಆದುದರಿಂದ ಒಳಗೋಡೆಯನ್ನು ಗಟ್ಟಿಯಾದ ಬ್ರಷ್ಷಿನಿಂದ ಅಥವಾ ತೆಂಗಿನ ನಾರಿನಿಂದ ಉಜ್ಜಿ ತೊಳೆಯಲೇಬೇಕು. ಬರಿದುಮಾಡಲಾಗದ ಟ್ಯಾಂಕು ತೊಟ್ಟಿಗಳಿಗೆ ಸಂದಿಲ್ಲದ ಮುಚ್ಚಳವಿರಬೇಕು. ಮುಚ್ಚಳ ಒಡೆದಿದ್ದರೆ ತೆಳುಬಟ್ಟೆಯನ್ನು ಬಿಗಿದು ಕಟ್ಟಬೇಕು. ಕೈತೋಟದ ತಾವರೆ ತೊಟ್ಟಿಗಳಲ್ಲಿ ಗಪ್ಪಿ ಮೀನುಗಳನ್ನು ಬಿಟ್ಟರೆ ಅವು ಮರಿಹುಳುಗಳನ್ನು ತಿಂದುಹಾಕುತ್ತವೆ. ಆದರೆ ಅವನ್ನು ಕೆರೆ ಹೊಳೆಗಳಿಗೆ ಬಿಡಬಾರದು.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದು ಡೆಂಗೆಯ ಸಂಶಯವಿದ್ದರೆ, ಆಸ್ಪಿರಿನ್, ಐಬುಪ್ರೊಫೆನ್ ಮೊದಲಾದ ಗುಳಿಗೆಗಳನ್ನು ಸ್ವಂತವಾಗಿ ಕೊಡಬಾರದು. ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ತಡಮಾಡದೆ ವೈದ್ಯರನ್ನು ಕಾಣಬೇಕು. ಜ್ವರ ಇಳಿಯುವ ವೇಳೆಯಲ್ಲಿಯೇ ಅಪಾಯ ಹೆಚ್ಚಾಗಬಹುದಾದುದರಿಂದ, ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನೊಣ ಮತ್ತು ಜಿರಳೆ

ಮನೆಯ ನೊಣವು ಒಂದು ಸಲಕ್ಕೆ ನೂರರ ಆಸುಪಾಸಿನಷ್ಟು ಮೊಟ್ಟೆಗಳನ್ನು, ತನ್ನ ಆಯುಷ್ಯದಲ್ಲಿ ಸುಮಾರು ಐನೂರು ಮೊಟ್ಟೆಗಳನ್ನು, ಕೊಳೆಯುವ ಕಸದಲ್ಲಿ ಅಥವಾ ಸಗಣಿಯಲ್ಲಿ ಇಡುತ್ತದೆ. ಬೇಸಗೆಯಲ್ಲಿ ಇವು ನೊಣಗಳಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಹೊಲಸಿನ ಮೇಲೆ ಕುಳಿತ ಕಾಲಿನಲ್ಲಿಯೇ ಅನ್ನದ ಮೇಲೆ ಕುಳಿತು ಅತಿಸಾರ ಮೊದಲಾದ ರೋಗಗಳನ್ನು ತರುವ ಈ ಕೀಟಕ್ಕೆ, ಮುಚ್ಚಳವಿರುವ ಕಸದ ಡಬ್ಬಿಯೇ ಒಳ್ಳೆಯ ಮದ್ದು. ಹಸಿ ಕಸವನ್ನು ಪ್ರತಿದಿನವೂ ಹೊರಹಾಕಬೇಕು. ಮನೆಯಲ್ಲಿಯೇ ಗೊಬ್ಬರ ಮಾಡುವವರು ಪ್ರತಿಸಲ ಹಸಿ ಕಸ ಸುರಿದ ಮೇಲೆ ಒಣ ಎಲೆ ಅಥವಾ ಮಣ್ಣನ್ನು ಹರಡಿ ಮುಚ್ಚಬೇಕು.

ಜಿರಳೆಗಳಲ್ಲಿ ಎರಡು ಜಾತಿಗಳು ಸಾಮಾನ್ಯ. ಮೋರಿ ಬಚ್ಚಲುಗಳಿಂದ ಬರುವ ಕೆಂಗಂದು ಬಣ್ಣದ ದೊಡ್ಡ ಜಿರಳೆ ಅಮೆರಿಕನ್ ಜಿರಳೆ. ಅಡಿಗೆಮನೆಯ ಕಪಾಟುಗಳಲ್ಲಿ ಗುಂಪಾಗಿರುವ ಸಣ್ಣದು ಜರ್ಮನ್ ಜಿರಳೆ. ಹೆಸರು ಜರ್ಮನಿಯದಾದರೂ ಇದರ ಮೂಲ ಅಲ್ಲಿನದಲ್ಲ. ಸುಮಾರು 2100 ವರ್ಷಗಳ ಹಿಂದೆ, ಭಾರತ ಅಥವಾ ಮ್ಯಾನ್ಮಾರ್ ಪ್ರದೇಶದಲ್ಲಿ, ಏಷ್ಯನ್ ಜಿರಳೆಯ ಸಂತತಿಯಿಂದ ಇದು ಮನೆವಾಸಿಯಾಗಿ ಬೇರ್ಪಟ್ಟಿತೆಂದು 2024ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವೊಂದು ತಿಳಿಸಿದೆ. ಜಿರಳೆಗಳ ಹಿಕ್ಕೆ ಮತ್ತು ಕಳಚಿದ ಪೊರೆಗಳ ಧೂಳು ಮಕ್ಕಳಲ್ಲಿ ಆಸ್ತಮಾವನ್ನು ಕೆರಳಿಸಬಲ್ಲುದು.

ಜರ್ಮನ್ ಜಿರಳೆಯ ಹೆಣ್ಣು ಮೂವತ್ತರಿಂದ ನಲವತ್ತು ಮೊಟ್ಟೆಗಳುಳ್ಳ ಒಂದು ಗಟ್ಟಿಯಾದ ಕೋಶವನ್ನು, ಅದು ಒಡೆಯುವ ಕಾಲ ಸನ್ನಿಹಿತವಾಗುವವರೆಗೂ ಹೊತ್ತು ತಿರುಗುತ್ತದೆ. ಸಿಂಪಡಿಸಿದ ವಿಷವು ಈ ಕೋಶದ ಒಳಗೆ ಸುಲಭವಾಗಿ ಇಳಿಯುವುದಿಲ್ಲ. ಆದುದರಿಂದಲೇ ಕೆಲವು ವಾರಗಳ ಬಳಿಕ ಮರಿಗಳ ಹಿಂಡು ಕಾಣಿಸುತ್ತದೆ. ರಾತ್ರಿ ಮಲಗುವ ಮುನ್ನ ಎಂಜಲು ಪಾತ್ರೆಗಳನ್ನು ತೊಳೆದಿಡುವುದು, ಒಲೆಯ ಕೆಳಗೆ ಮತ್ತು ಹಿಂದೆ ಜಿಡ್ಡನ್ನು ಒರೆಸುವುದು, ತೊಟ್ಟಿಕ್ಕುವ ನಲ್ಲಿಯನ್ನು ಸರಿಪಡಿಸುವುದು, ಬಚ್ಚಲಿನ ಕಂಡಿಗೆ ಜಾಲರಿ ಹಾಕುವುದು, ಗೋಡೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚುವುದು ಈ ಐದು ಕೆಲಸಗಳು ಮೊದಲು ಆಗಬೇಕು. ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಗಳ ಮಡಿಕೆಯಲ್ಲಿಯೇ ಜಿರಳೆಗಳು ಮನೆ ಸೇರುವುದರಿಂದ ಅಂತಹ ಪೆಟ್ಟಿಗೆಗಳನ್ನು ಕೂಡಿಡಬಾರದು. ಆ ಬಳಿಕವೂ ಉಳಿದ ಜಿರಳೆಗಳಿಗೆ, ಸಿಂಪಡಿಸುವ ಔಷಧಿಗಿಂತ ಬಿರುಕುಗಳಲ್ಲಿ ಸಣ್ಣ ಸಣ್ಣ ಚುಕ್ಕೆಗಳಾಗಿ ಇಡುವ ಜೆಲ್ ರೂಪದ ವಿಷಾಹಾರವು ಹೆಚ್ಚು ಪರಿಣಾಮಕಾರಿ. ಅದನ್ನಿಟ್ಟ ಜಾಗದಲ್ಲಿ ಬೇರೆ ವಿಷವನ್ನು ಸಿಂಪಡಿಸಬಾರದು. ಸಿಂಪಡಿಸಿದರೆ ಜಿರಳೆಗಳು ವಿಷಾಹಾರದ ಹತ್ತಿರ ಸುಳಿಯುವುದಿಲ್ಲ.

ತಿಗಣೆ, ಗೆದ್ದಲು ಮತ್ತು ಧಾನ್ಯದ ಹುಳುಗಳು

ತಿಗಣೆಯು ರೋಗ ಹರಡುವುದೆಂಬುದಕ್ಕೆ ಆಧಾರವಿಲ್ಲ. ಆದರೆ ನಿದ್ದೆಯನ್ನು ಕೆಡಿಸುತ್ತದೆ. ಪ್ರಯಾಣದ ಹಾಸಿಗೆ ಪೆಟ್ಟಿಗೆಗಳು ಮತ್ತು ಹಳೆಯ ಮಂಚ ಸೋಫಾಗಳ ಮೂಲಕ ಮನೆಗೆ ಬರುತ್ತದೆ. ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ಹಲವು ವಿಷಗಳನ್ನು ಅದು ಈಗ ತಾಳಿಕೊಳ್ಳಬಲ್ಲುದು. ಆದರೆ ಬಿಸಿಯನ್ನು ತಾಳಲಾರದು. ಹೊದಿಕೆ ಬಟ್ಟೆಗಳನ್ನು 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ ನೀರಿನಲ್ಲಿ ಒಗೆಯಬೇಕು. ಮರದ ಮಂಚದ ಕೀಲು ಸಂದುಗಳಿಗೆ ಕುದಿಯುವ ನೀರು ಹೊಯ್ಯುತ್ತಿದ್ದ ಹಿಂದಿನವರ ಕ್ರಮ ಇಂದಿಗೂ ಸರಿಯಾದುದೇ. ಒಂದು ಸಲಕ್ಕೆ ಬಿಡದೆ, ಮೊಟ್ಟೆಗಳಿಂದ ಹೊರಬಂದ ಮರಿಗಳೂ ನಾಶವಾಗುವಂತೆ ವಾರಕ್ಕೊಮ್ಮೆ ಕೆಲವು ಸಲ ಇದನ್ನು ಮಾಡಬೇಕು.

ಗೆದ್ದಲು ನೆಲದಿಂದ ಗೋಡೆಯ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡು ಏರುತ್ತದೆ. ಸುರಂಗವನ್ನು ಒಂದೆಡೆ ಒಡೆದು ನೋಡಿದಾಗ, ಕೆಲವು ದಿನಗಳಲ್ಲಿ ಅದು ಮತ್ತೆ ಕಟ್ಟಲ್ಪಟ್ಟಿದ್ದರೆ ಒಳಗೆ ಗೆದ್ದಲು ಇದೆಯೆಂದು ತಿಳಿಯಬೇಕು. ಗೋಡೆಯ ತೇವಕ್ಕೆ ಕಾರಣವಾದ ಕೊಳಾಯಿಯ ಸೋರಿಕೆಯನ್ನು ನಿಲ್ಲಿಸದೆ ಮಾಡಿದ ಚಿಕಿತ್ಸೆ ಬಹುಕಾಲ ನಿಲ್ಲದು. ಪುಸ್ತಕದ ಕಪಾಟುಗಳನ್ನು ಗೋಡೆಯಿಂದ ತುಸು ದೂರವಿಡಬೇಕು. ಹೊಸ ಮನೆ ಕಟ್ಟಿಸುವವರು ತಳಪಾಯದ ಹಂತದಲ್ಲಿಯೇ ಗೆದ್ದಲು ನಿರೋಧಕ ಕ್ರಮ ಕೈಗೊಳ್ಳುವುದು ಮೇಲು. ಇದಕ್ಕೆ ಭಾರತೀಯ ಮಾನಕ ಸಂಸ್ಥೆಯು ಐ.ಎಸ್. 6313 ಎಂಬ ಮಾನಕವನ್ನು ರೂಪಿಸಿದೆ.

ಅಕ್ಕಿ ಬೇಳೆಗಳನ್ನು ಹುಳು ಹತ್ತದಂತೆ ಕಾಪಾಡಲು ಮನೆಮನೆಯ ಹಳೆಯ ಕ್ರಮಗಳಲ್ಲಿ ವಿಜ್ಞಾನವಿದೆ. ಕಾಳುಗಳನ್ನು ಬಿಸಿಲಿಗೆ ಒಣಗಿಸಿದರೆ ತೇವಾಂಶ ಇಳಿದು ಹುಳುಗಳ ವೃದ್ಧಿ ಕುಂಠಿತವಾಗುತ್ತದೆ. ತೊಗರಿಗೆ ಹರಳೆಣ್ಣೆ ಸವರಿದರೆ ಕಾಳಿನ ಮೇಲೆ ಇಟ್ಟ ಮೊಟ್ಟೆಗಳು ಉಸಿರಾಟವಿಲ್ಲದೆ ಸಾಯುತ್ತವೆ. ರವೆಯನ್ನು ಹುರಿದಿಟ್ಟರೆ ಅದರೊಳಗಿನ ಮೊಟ್ಟೆಗಳು ನಾಶವಾಗುತ್ತವೆ. ಹೊಸ ಸಾಮಾನನ್ನು ಹಳೆಯದರ ಮೇಲೆ ಸುರಿಯದೆ, ಡಬ್ಬಿಯನ್ನು ತೊಳೆದು ಒಣಗಿಸಿ ತುಂಬುವುದು ಇನ್ನೊಂದು ಮುಖ್ಯ ಅಭ್ಯಾಸ.

ಕೈತೋಟದಲ್ಲಿ ಮಿತ್ರರೂ ಶತ್ರುಗಳೂ

ಮನೆಯೊಳಗಿನ ಇರುವೆಗೂ ಹೊರಗಿನ ಗಿಡಕ್ಕೂ ಸಂಬಂಧವಿದೆ. ದಾಸವಾಳದ ಎಳೆಯ ಕುಡಿಗಳಲ್ಲಿ ಹಿಟ್ಟು ಮೆತ್ತಿದಂತೆ ಕಾಣುವುದು ಹಿಟ್ಟು ತಿಗಣೆ. ಗುಲಾಬಿಯ ಮೊಗ್ಗಿನಲ್ಲಿ ಮುತ್ತಿಕೊಳ್ಳುವುದು ಸಸ್ಯಹೇನು. ಇವು ಗಿಡದ ರಸವನ್ನು ಹೀರಿ, ಸಿಹಿಯಾದ ಅಂಟು ದ್ರವವನ್ನು ವಿಸರ್ಜಿಸುತ್ತವೆ. ಆ ಸಿಹಿಗಾಗಿ ಬರುವ ಇರುವೆಗಳು, ಈ ಕೀಟಗಳನ್ನು ಅವುಗಳ ವೈರಿಗಳಿಂದ ಕಾಪಾಡುತ್ತವೆ. ಗಿಡದಲ್ಲಿ ಇರುವೆಯ ಸಾಲು ಕಂಡರೆ ಮೊದಲು ಎಲೆಯ ಅಡಿಭಾಗವನ್ನು ಪರೀಕ್ಷಿಸಬೇಕು. ಕುಂಡವನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟರೆ ಇರುವೆ ಹತ್ತಲಾರದು. ಆದರೆ ಆ ತಟ್ಟೆಯ ನೀರನ್ನು ಸೊಳ್ಳೆಯ ಏಳು ದಿನಗಳ ಲೆಕ್ಕದಂತೆ ಬದಲಿಸದಿದ್ದರೆ ಒಂದು ಕಾಟ ಕಳೆದು ಇನ್ನೊಂದು ಬಂದೀತು. ಮನೆಯೊಳಗಿನ ಇರುವೆಗಳು ತಾವು ನಡೆದ ಹಾದಿಯಲ್ಲಿ ವಾಸನೆಯ ಗುರುತನ್ನು ಬಿಡುತ್ತವೆ. ಸಾಬೂನಿನ ನೀರಿನಿಂದ ಒರೆಸಿ ಆ ಗುರುತನ್ನು ಅಳಿಸಿ, ಅವು ಬರುವ ಬಿರುಕನ್ನು ಮುಚ್ಚಿದರೆ ಸಾಲು ಚೆದರುತ್ತದೆ.

ಹಿಟ್ಟು ತಿಗಣೆ ಮತ್ತು ಸಸ್ಯಹೇನುಗಳು ಕಡಮೆಯಿದ್ದಾಗ ಹತ್ತಿದ ಕುಡಿಯನ್ನು ಚಿವುಟಿ ಹಾಕುವುದು ಅಥವಾ ನೀರನ್ನು ರಭಸವಾಗಿ ಹಾಯಿಸುವುದು ಸಾಕು. ಹೆಚ್ಚಾದಾಗ, ಒಂದು ಲೀಟರು ನೀರಿಗೆ ಸುಮಾರು 5 ಮಿ.ಲೀ. ಬೇವಿನ ಎಣ್ಣೆಯನ್ನೂ ಅದು ಬೆರೆಯುವಂತೆ ಸ್ವಲ್ಪ ಸಾಬೂನಿನ ದ್ರಾವಣವನ್ನೂ ಸೇರಿಸಿ, ಚೆನ್ನಾಗಿ ಕಲಕಿ, ಬಿಸಿಲಿಳಿದ ಮೇಲೆ ಎಲೆಗಳ ಅಡಿಭಾಗಕ್ಕೆ ತಾಗುವಂತೆ ಸಿಂಪಡಿಸಬೇಕು. ವಾರದ ಬಳಿಕ ಮತ್ತೊಮ್ಮೆ ಸಿಂಪಡಿಸಬೇಕು.

ತೋಟದಲ್ಲಿ ಕಾಣುವ ಕೀಟಗಳೆಲ್ಲ ಶತ್ರುಗಳಲ್ಲ. ಗುಲಗಂಜಿ ಹುಳು ಮತ್ತು ಅದರ ಮರಿಗಳು ಸಸ್ಯಹೇನುಗಳನ್ನು ತಿನ್ನುತ್ತವೆ. ಜೇಡವು ನೊಣ ಸೊಳ್ಳೆಗಳನ್ನು ಹಿಡಿಯುತ್ತದೆ. ಜೇನ್ನೊಣವಿಲ್ಲದೆ ಕುಂಬಳದ ಬಳ್ಳಿ ಕಾಯಿ ಕಚ್ಚದು. ಮಿತ್ರಕೀಟದ ಬಲ ಎಷ್ಟೆಂಬುದನ್ನು ಪಪ್ಪಾಯಿಯ ಹಿಟ್ಟು ತಿಗಣೆಯ ಪ್ರಕರಣವು ತೋರಿಸಿಕೊಟ್ಟಿತು. ಹೊರದೇಶದಿಂದ ಬಂದ ಈ ಕೀಟವು 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡು, ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳಿಗೆ ಹರಡಿತು. ಪಪ್ಪಾಯಿ ಮಾತ್ರವಲ್ಲದೆ ಹಿಪ್ಪುನೇರಳೆ, ಮರಗೆಣಸು, ಮನೆಯಂಗಳದ ದಾಸವಾಳಗಳೂ ಇದಕ್ಕೆ ಬಲಿಯಾದವು. ಮೈಮೇಲಿನ ಮೇಣದ ಹೊದಿಕೆಯ ಕಾರಣದಿಂದ ಸಿಂಪಡಿಸಿದ ವಿಷ ಅದಕ್ಕೆ ತಾಗುತ್ತಿರಲಿಲ್ಲ. ವಿಷದಿಂದ ಸತ್ತವು ಮಿತ್ರಕೀಟಗಳೇ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯು ಅಸಿರೋಫೇಗಸ್ ಪಪಾಯೆ ಎಂಬ ಅತಿ ಸಣ್ಣ ಪರತಂತ್ರ ಕಣಜವನ್ನು ಪೋರ್ಟೊ ರಿಕೊದಿಂದ ತರಿಸಿ, ಬೆಳೆಸಿ ಬಿಡುಗಡೆ ಮಾಡಿತು. ಈ ಕಣಜವು ಹಿಟ್ಟು ತಿಗಣೆಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುತ್ತದೆ. ಅದನ್ನು ಬಿಟ್ಟ ಕಡೆಗಳಲ್ಲಿ ಕೆಲವೇ ತಿಂಗಳುಗಳಲ್ಲಿ ಹಾವಳಿ ಇಳಿಮುಖವಾಯಿತು. ಕಂಡದ್ದಕ್ಕೆಲ್ಲ ವಿಷ ಹೊಡೆಯುವವನು ತನ್ನ ಪರವಾಗಿ ಕೂಲಿಯಿಲ್ಲದೆ ದುಡಿಯುವ ಆಳುಗಳನ್ನೇ ಕೊಂದಂತಾಗುತ್ತದೆ.

ವಿಷವನ್ನು ಬಳಸಲೇಬೇಕಾದಾಗ

ಮೇಲಿನ ಕ್ರಮಗಳ ಬಳಿಕವೂ ಕೆಲವೊಮ್ಮೆ ವಿಷದ ಅಗತ್ಯ ಬೀಳಬಹುದು. ಆಗ ಎಚ್ಚರ ಅತ್ಯಗತ್ಯ. 1958ರಲ್ಲಿ ಕೇರಳ ಮತ್ತು ಆಗಿನ ಮದರಾಸು ರಾಜ್ಯಗಳಲ್ಲಿ, ಸಾಗಣೆಯ ವೇಳೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋಂಕಿದ್ದ ಗೋಧಿಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಆ ದುರಂತದ ಬಳಿಕ ನಡೆದ ವಿಚಾರಣೆಯ ಫಲವೇ 1968ರ ಕೀಟನಾಶಕಗಳ ಅಧಿನಿಯಮ. ಕೀಟನಾಶಕದ ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ ಇರಲೇಬೇಕು. ಅದಿಲ್ಲದ ಪುಡಿ, ದ್ರಾವಣ, ಊದುಬತ್ತಿಗಳನ್ನು ಕೊಳ್ಳಬಾರದು. ಪೊಟ್ಟಣದ ಮೇಲಿನ ಬಣ್ಣದ ತ್ರಿಕೋನವು ವಿಷದ ಮಟ್ಟವನ್ನು ತಿಳಿಸುತ್ತದೆ: ಕೆಂಪು ಅತ್ಯಂತ ಘೋರ ವಿಷ, ಹಳದಿ ಹೆಚ್ಚಿನ ವಿಷ, ನೀಲಿ ಮಧ್ಯಮ, ಹಸಿರು ಅಲ್ಪ. ಕೆಂಪು, ಹಳದಿ ಗುರುತಿನವುಗಳು ಮನೆಯೊಳಗೆ ಬರಕೂಡದು. ಬಳಸುವ ವಿಧಾನದ ಚೀಟಿಯು ಪೊಟ್ಟಣದೊಳಗಿರುತ್ತದೆ. ಅದು ಸ್ಥಳೀಯ ಭಾಷೆಯಲ್ಲಿದ್ದು ಓದಲು ಬಾರದಿದ್ದರೆ, ಬಲ್ಲವರಿಂದ ಓದಿಸಿ ತಿಳಿದ ಬಳಿಕವೇ ಬಳಸಬೇಕು.

ಕೆಲವು ವಸ್ತುಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಹಿಂದೆ ಮನೆಮನೆಯಲ್ಲಿ ಬಳಕೆಯಲ್ಲಿದ್ದ ಬಿ.ಎಚ್.ಸಿ. ಪುಡಿಯನ್ನು 1997ರಲ್ಲಿ ನಿಷೇಧಿಸಲಾಗಿದೆ; ಹಳೆಯ ದಾಸ್ತಾನು ಅಟ್ಟದ ಮೇಲೆ ಉಳಿದಿದ್ದರೂ ಬಳಸಬಾರದು. ಕೀಟನಾಶಕ ಸೀಮೆಸುಣ್ಣವನ್ನು ಮಕ್ಕಳು ಬರೆಯುವ ಬಳಪವೆಂದು ತಿಳಿದು ಬಾಯಿಗಿಡುವ ಅಪಾಯವಿದೆ. ಎಳೆಗೂಸಿನ ಬಟ್ಟೆಗಳ ನಡುವೆ ನ್ಯಾಫ್ತಲೀನ್ ಗುಳಿಗೆಗಳನ್ನು ಇಡಬಾರದು. ಕೆಲವು ಶಿಶುಗಳಲ್ಲಿ ಅದು ರಕ್ತಕಣಗಳನ್ನು ನಾಶಮಾಡಬಲ್ಲುದು. ಸೊಳ್ಳೆಬತ್ತಿಯನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿಸಬಾರದು. ಸೊಳ್ಳೆ ಪರದೆಯೇ ಲೇಸು. ಸಿಂಪಡಿಸುವ ಮೊದಲು ಆಹಾರ, ನೀರು, ಮೀನಿನ ತೊಟ್ಟಿಗಳನ್ನು ಮುಚ್ಚಿ, ಮಕ್ಕಳನ್ನು ಹೊರಗೆ ಕಳುಹಿಸಬೇಕು. ಉಳಿದ ವಿಷವನ್ನು ಎಂದಿಗೂ ಪಾನೀಯದ ಬಾಟಲಿಗೆ ಸುರಿದಿಡಬಾರದು.

ಎಲ್ಲಕ್ಕಿಂತ ಘೋರವಾದುದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಉಗ್ರಾಣಗಳ ಧಾನ್ಯಕ್ಕೆಂದು ತಯಾರಾಗುವ ಇದನ್ನು ಸಾಮಾನ್ಯ ಜನರಿಗೆ ಮಾರಲು ಕಾನೂನಿನ ಅನುಮತಿಯಿಲ್ಲ. ಆದರೂ ಇಲಿ, ತಿಗಣೆಗಳ ನಾಶಕ್ಕೆಂದು ಮನೆಯಲ್ಲಿಟ್ಟು, ಹೊರಬಂದ ಫಾಸ್ಫೀನ್ ಅನಿಲದಿಂದ ಮಲಗಿದವರು ಮಲಗಿದಲ್ಲಿಯೇ ಪ್ರಾಣ ಕಳೆದುಕೊಂಡ ಘಟನೆಗಳು ನಡೆದಿವೆ. ಗೋಡೆಯ ಸಂದುಗಳ ಮೂಲಕ ಈ ಅನಿಲವು ನೆರೆಮನೆಗೂ ನುಸುಳಬಲ್ಲುದು. ಇದಕ್ಕೆ ಪ್ರತಿವಿಷವೆಂಬುದಿಲ್ಲ. ತೇವ ತಗಲಿದರೆ ಅನಿಲ ಹೆಚ್ಚುವುದರಿಂದ ಗುಳಿಗೆಯ ಮೇಲೆ ನೀರು ಸುರಿಯಬಾರದು. ಎಲ್ಲರೂ ಕೂಡಲೇ ಮನೆಯಿಂದ ಹೊರಬಿದ್ದು, ಅಕ್ಕಪಕ್ಕದವರನ್ನೂ ಎಚ್ಚರಿಸಬೇಕು. ಕೀಟನಿವಾರಣೆಯ ಕೆಲಸದವರನ್ನು ಕರೆಸುವಾಗ ಅವರ ಪರವಾನಗಿಯನ್ನು ನೋಡಿ, ಯಾವ ವಿಷ ಬಳಸುವರು, ಎಷ್ಟು ಹೊತ್ತು ಮನೆಯ ಹೊರಗಿರಬೇಕು ಎಂಬುದನ್ನು ಕೇಳಿ ತಿಳಿಯಬೇಕು.

ಯಾರಾದರೂ ವಿಷ ನುಂಗಿದರೆ ಬಲವಂತವಾಗಿ ವಾಂತಿ ಮಾಡಿಸಬಾರದು. ಮೈಮೇಲೆ ಬಿದ್ದಿದ್ದರೆ ಬಟ್ಟೆ ತೆಗೆದು ಸಾಬೂನು ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಕಾಲು ಗಂಟೆ ಶುದ್ಧ ನೀರು ಹಾಯಿಸಬೇಕು. ವಿಷದ ಪೊಟ್ಟಣವನ್ನು ಜೊತೆಯಲ್ಲಿ ಒಯ್ದು ವೈದ್ಯರಿಗೆ ತೋರಿಸಬೇಕು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವು 1800 116 117 ಎಂಬ ಉಚಿತ ದೂರವಾಣಿಯ ಮೂಲಕ ಸಲಹೆ ನೀಡುತ್ತದೆ.

ವಾರದ ಕ್ರಮ

ಈವರೆಗೆ ಹೇಳಿದುದನ್ನು ನಿತ್ಯದ ಆಚರಣೆಗೆ ತರಲು ಕೆಳಗಿನ ಕ್ರಮ ಸಹಾಯಕವಾದೀತು.

1. ಪ್ರತಿ ರಾತ್ರಿ: ಎಂಜಲು ಪಾತ್ರೆ ತೊಳೆಯುವುದು, ಒಲೆಕಟ್ಟೆ ಒರೆಸುವುದು, ಕಸದ ಡಬ್ಬಿ ಮುಚ್ಚುವುದು.

2. ವಾರಕ್ಕೊಂದು ಗೊತ್ತಾದ ದಿನ: ಕೂಲರು, ಡ್ರಮ್ಮು, ಹೂದಾನಿ, ಕುಂಡದ ತಟ್ಟೆಗಳನ್ನು ಬರಿದುಮಾಡಿ ಉಜ್ಜಿ ಒಣಗಿಸುವುದು; ಟ್ಯಾಂಕಿನ ಮುಚ್ಚಳ ಪರೀಕ್ಷಿಸುವುದು; ಗಿಡಗಳ ಎಲೆಯ ಅಡಿ ನೋಡುವುದು.

3. ತಿಂಗಳಿಗೊಮ್ಮೆ: ಧಾನ್ಯ ಬಿಸಿಲಿಗೆ ಹಾಕುವುದು, ಕಪಾಟಿನ ಹಿಂಬದಿ, ಮಂಚದ ಸಂದು, ಗೋಡೆಯ ಬುಡಗಳನ್ನು ಪರೀಕ್ಷಿಸುವುದು.

4. ಮಳೆಗಾಲಕ್ಕೆ ಮುನ್ನ: ಮಾಳಿಗೆ ಮತ್ತು ಅಂಗಳದ ಹಳೆಯ ಸಾಮಾನುಗಳನ್ನು ತೆಗೆಯುವುದು, ಸೋರಿಕೆ ಮತ್ತು ಬಿರುಕುಗಳನ್ನು ಸರಿಪಡಿಸುವುದು.

ಕೀಟಗಳಿಗೆ ಮನೆಯ ಸಂಖ್ಯೆ ತಿಳಿಯದು. ಒಬ್ಬರ ತೊಟ್ಟಿಯಲ್ಲಿ ಹುಟ್ಟಿದ ಸೊಳ್ಳೆ ಇನ್ನೊಬ್ಬರ ಮಗುವನ್ನು ಕಚ್ಚುತ್ತದೆ. ಒಂದು ಮನೆಯ ಮೋರಿಯ ಜಿರಳೆ ಮಹಡಿಯ ಮೇಲಿನ ಅಡಿಗೆಮನೆಯನ್ನು ಸೇರುತ್ತದೆ. ಮುಂಬಯಿ, ದೆಹಲಿ ಮೊದಲಾದ ನಗರಗಳ ಪಾಲಿಕೆಗಳು ಸೊಳ್ಳೆಮರಿಗಳು ಕಂಡುಬಂದ ಆವರಣದವರಿಗೆ ದಂಡ ವಿಧಿಸುವುದು ಇದರಿಂದಲೇ. ಕಟ್ಟಡದ ನಿವಾಸಿಗಳೆಲ್ಲ ಸೇರಿ ವಾರದ ಒಂದೇ ದಿನವನ್ನು ಒಣದಿನವೆಂದು ನಿಗದಿಮಾಡಿಕೊಂಡು, ಮಾಳಿಗೆಯ ಟ್ಯಾಂಕಿನಿಂದ ಅಂಗಳದ ಮೋರಿಯವರೆಗೆ ಒಟ್ಟಾಗಿ ನೋಡಿಕೊಂಡರೆ, ಅದಕ್ಕೆ ತಗಲುವುದು ವಾರಕ್ಕೆ ಅರ್ಧ ಗಂಟೆಯ ಶ್ರಮ. ಅದರಿಂದ ಉಳಿಯುವುದು ಆ ಕಟ್ಟಡದ ಮಕ್ಕಳ ಮತ್ತು ಹಿರಿಯರ ಆರೋಗ್ಯ.